ಪೈಥಾನ್‌ನ ಟೈಮ್‌ಜೋನ್ ಲೈಬ್ರರಿ ಜೋನ್‌ಇನ್ಫೋ: ಎರಡು ವರ್ಷ ಬಳಸಿದ ಮೇಲೆ

ನಮ್ಮ ಚಿಕ್ಕಮ್ಮ ಮೈಸೂರಲ್ಲಿ ಕೂತು ನ್ಯೂಜೆರ್ಸಿಯ ಮಕ್ಕಳಿಗೆ ಆನ್‌ಲೈನ್ ಸಂಗೀತ ಪಾಠ ಹೇಳುತ್ತಾರೆ. ಶನಿವಾರ ಬೆಳಗ್ಗೆ 6:30ಕ್ಕೆ ಕ್ಲಾಸು; ಬೇಸಿಗೆಯಲ್ಲಾದರೆ ಅಲ್ಲಿ ಶುಕ್ರವಾರ ರಾತ್ರಿ 9. ಮಕ್ಕಳಿಗೆ ಸಮಯ ತಿಳಿಸುವ ಪುಟ್ಟ ಪ್ರೋಗ್ರಾಂ ಪೈಥಾನ್ ಭಾಷೆಯಲ್ಲಿ ಬರೆದುಕೊಟ್ಟಿದ್ದು ನಾನು. ಮೊದಲ ಶನಿವಾರವೇ 6:07ಕ್ಕೆ ಮಕ್ಕಳೆಲ್ಲ ಹಾಜರ್! ಚಿಕ್ಕಮ್ಮ ಇನ್ನೂ ಡಿಕಾಕ್ಷನ್ ಇಳಿಸುತ್ತಿದ್ದರು. "ನಿನ್ನ ಕಂಪ್ಯೂಟರ್‌ಗೆ ತಾಳವೇ ಇಲ್ವಲ್ಲೋ" ಅಂತ ಫೋನಲ್ಲೇ ಬೈದರು.

ಅರ್ಧ ಗಂಟೆ ತಪ್ಪಿದ್ದರೆ ಕಾರಣ ಗೊತ್ತಾಗುತ್ತಿತ್ತು. 23 ನಿಮಿಷ ಯಾವ ಲೆಕ್ಕ? ಆಗ ಬಳಸುತ್ತಿದ್ದದ್ದು ಪೈಟಿಜಡ್ ಅನ್ನುವ ಹಳೆಯ ಟೈಮ್‌ಜೋನ್ ಲೈಬ್ರರಿ. ಅದರಲ್ಲಿ ಭಾರತದ ಟೈಮ್‌ಜೋನಿನ ಹೆಸರಾದ ಏಷ್ಯಾ/ಕೋಲ್ಕತಾವನ್ನು ನೇರವಾಗಿ ಡೇಟ್‌ಟೈಮ್ (ದಿನಾಂಕ, ಸಮಯ ಹಿಡಿದಿಡುವ ಪೈಥಾನ್ ವಸ್ತು) ಒಳಗೆ ತುರುಕಿದರೆ, ಆ ಊರಿನ ದಾಖಲೆಯ ಮೊಟ್ಟಮೊದಲ ಸಾಲನ್ನೇ ಎತ್ತಿಕೊಳ್ಳುತ್ತದೆ. ಅಂದರೆ ಐಎಸ್‌ಟಿ (ಭಾರತೀಯ ಕಾಲಮಾನ) ಹುಟ್ಟುವ ಮುಂಚಿನ ಕಲ್ಕತ್ತೆಯ ಸ್ಥಳೀಯ ಸಮಯ, ಜಗತ್ತಿನ ಮೂಲ ಸಮಯವಾದ ಯುಟಿಸಿಗಿಂತ 5 ಗಂಟೆ 53 ನಿಮಿಷ ಮುಂದೆ. ಹಾಗೆ ಮಾಡಬೇಡಿ, ಲೋಕಲೈಸ್ ಅನ್ನುವ ಫಂಕ್ಷನ್ ಬಳಸಿ ಅಂತ ಅದರ ಕೈಪಿಡಿಯಲ್ಲೇ ಇದೆ. ಓದದೆ ಬಿಟ್ಟವನು ನಾನು.

ಪೈಥಾನ್ 3.9ರಿಂದ, ಅಂದರೆ 2020ರಿಂದ, ಜೋನ್‌ಇನ್ಫೋ ಭಾಷೆಯ ಜೊತೆಗೇ ಬರುತ್ತದೆ. ಇದನ್ನು ನೇರವಾಗಿ ಕೊಟ್ಟರೂ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ ಅಂತ ಸರಿಯಾಗಿ ಬರುತ್ತದೆ. ನವೆಂಬರಿನಲ್ಲಿ ಅಮೆರಿಕದವರು ಗಡಿಯಾರ ಹಿಂದಕ್ಕೆ ತಿರುಗಿಸಿದಾಗ ಮಕ್ಕಳಿಗೆ ರಾತ್ರಿ 8 ಅಂತ ತಾನೇ ತೋರಿಸಿತು. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ.

ತಕರಾರು ಇಲ್ಲವೆಂದಲ್ಲ. ಚಿಕ್ಕಮ್ಮನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ ಟೈಮ್‌ಜೋನೇ ಸಿಗಲಿಲ್ಲ ಅಂತು. ಟೈಮ್‌ಜೋನ್‌ಗಳ ದಾಖಲೆ ಇರುವ ಟಿಜಡ್‌ಡೇಟಾ ಪ್ಯಾಕೇಜನ್ನು ಬೇರೆ ಹಾಕಬೇಕು. ಕೂಡುವಾಗಲೂ ಎಚ್ಚರ. ನ್ಯೂಯಾರ್ಕಿನ 2025ರ ನವೆಂಬರ್ 1, ರಾತ್ರಿ 9ಕ್ಕೆ 24 ಗಂಟೆ ಕೂಡಿಸಿದರೆ ಮಾರನೇ ದಿನ ರಾತ್ರಿ 9 ಅನ್ನುತ್ತದೆ. ಆ ರಾತ್ರಿ ಗಡಿಯಾರ ಹಿಂದಕ್ಕೆ ಹೋಗುವುದರಿಂದ ನಿಜವಾಗಿ ಕಳೆದಿರುವುದು 25 ಗಂಟೆ. ಅಲ್ಲಿನ ಗಡಿಯಾರದ ಪ್ರಕಾರ ನಡೆಯುವ ಕೆಲಸಕ್ಕೆ ಇದೇ ಬೇಕು, ಆದರೆ ರಿಮೈಂಡರಿಗೆ ಬೇಡ. ಅದಕ್ಕೆ ಯುಟಿಸಿಗೆ ಬದಲಾಯಿಸಿಯೇ ಕೂಡುತ್ತೇನೆ.

ನನಗೆ ನಿಜಕ್ಕೂ ಸಿಟ್ಟು ಬರೋದು ಮಾರ್ಚಿನಲ್ಲಿ. ಗಡಿಯಾರ ಮುಂದೆ ಹೋಗುವ ರಾತ್ರಿ ನ್ಯೂಯಾರ್ಕಿನಲ್ಲಿ 2:30 ಅನ್ನುವ ಹೊತ್ತೇ ಇರುವುದಿಲ್ಲ. ಜೋನ್‌ಇನ್ಫೋ ತುಟಿ ಪಿಟಕ್ ಅನ್ನದೆ ಒಪ್ಪಿಕೊಳ್ಳುತ್ತದೆ. ಈ ವಿಷಯದಲ್ಲಿ ಹಳೆಯ ಪೈಟಿಜಡ್ಡೇ ವಾಸಿ: ಲೋಕಲೈಸ್‌ಗೆ is_dst=None (ಬೇಸಿಗೆ ಸಮಯವೋ ಅಲ್ಲವೋ ಅಂತ ನೀನೇ ಊಹಿಸಬೇಡ) ಅಂತ ಕೊಟ್ಟರೆ ಎರರ್ ಎಸೆಯುತ್ತಿತ್ತು. ಈಗ ಸಮಯವನ್ನು ಯುಟಿಸಿಗೆ ಕಳಿಸಿ, ವಾಪಸ್ ತಂದು, ಹೋದದ್ದೇ ಬಂತಾ ಅಂತ ನೋಡುವ ಮೂರು ಸಾಲು ನಾನೇ ಬರೆದುಕೊಂಡಿದ್ದೀನಿ.