ಗೋದಾಮಿನ ಎಸ್‌ಒಪಿ (ಕೆಲಸದ ನಿಗದಿತ ಕ್ರಮ): ಚಿತ್ರಫಲಕವೋ, ಬರಹದ ಹಾಳೆಯೋ?

ಮಹಾರಾಷ್ಟ್ರದ ಭಿವಂಡಿ, ಚಾಕಣದ ಗೋದಾಮಿನಲ್ಲಿ ಕಲಬುರಗಿ, ವಿಜಯಪುರದ ಹುಡುಗರು ಮರಾಠಿಗರ ಜೊತೆ ದುಡಿಯುತ್ತಿದ್ದರೆ, ಪ್ಯಾಲೆಟ್ (ಸರಕು ಪೇರಿಸುವ ಚಪ್ಪಟೆ ಹಲಗೆ) ಕಟ್ಟುವಂಥ ಕೈಕೆಲಸಕ್ಕೆ ಚಿತ್ರಫಲಕವೇ ಮೇಲು. ಹೆಜ್ಜೆಗೊಂದು ಫೋಟೊ, ಕೆಳಗೆ ಕನ್ನಡ, ಮರಾಠಿಯಲ್ಲಿ ಒಂದೊಂದೇ ಸಾಲು. 8 ಹೆಜ್ಜೆ ದಾಟಿದರೆ ಎರಡು ಫಲಕ ಮಾಡಿ. ತಪ್ಪಿನ ಫೋಟೊ ಖಂಡಿತ ಇರಲಿ: 1200×1000 ಮಿ.ಮೀ. ಪ್ಯಾಲೆಟ್‌ನ ಅಂಚು ಮೀರಿ ಚಾಚಿದ ರಟ್ಟಿನ ಪೆಟ್ಟಿಗೆ. ಭಾರ ಹೊರುವುದು ಪೆಟ್ಟಿಗೆಯ ನಾಲ್ಕು ಮೂಲೆ; ಮೂಲೆಗೆ ಆಸರೆ ತಪ್ಪಿದರೆ ಕೆಳಸಾಲೇ ಮೊದಲು ಕುಸಿಯುತ್ತದೆ. ಆದರೆ ರ್‍ಯಾಕ್ ಸರಿಸಿದ ದಿನವೇ ಫೋಟೊ ಬದಲಿಸಬೇಕು.

‘ಹೀಗಾದರೆ ಏನು?’ ಎಂಬುದಕ್ಕೆ ಚಿತ್ರ ಸಾಲದು, ಹಾಳೆಯೇ ಬೇಕು. ಪೆಟ್ಟಿಗೆ ಕಡಿಮೆ ಬಂದರೆ, ಮಳೆಗೆ ನೆನೆದು ಬಂದರೆ, ಚಾಲಕನೆದುರೇ ಮತ್ತೆ ಎಣಿಸಿ, ಫೋಟೊ ತೆಗೆದು, ಎಲ್‌ಆರ್ (ಲಾರಿ ರಸೀದಿ) ಪ್ರತಿಯ ಮೇಲೆ ಕೊರತೆ ಬರೆದು ಸಹಿ ಹಾಕಿಸಿ, ಆಮೇಲಷ್ಟೇ ಲಾರಿ ಬಿಡಿ. ‘ಸರಿಯಾಗಿ ಪರಿಶೀಲಿಸಿ’ ಎಂದು ಮಾತ್ರ ಬರೆಯಬೇಡಿ. ಯಾರು, ಏನನ್ನು, ಎಷ್ಟು ಎಂದು ಬರೆಯಿರಿ.