ತಾಲ್ಲೂಕು ಕೋರ್ಟಿನ ಫ್ರೀ ಲಾಯರ್ ಸೇವೆ: ಐದಕ್ಕೆ ನಾಲ್ಕು ಸ್ಟಾರ್

ಫ್ರೀ ಲಾಯರ್ ಅಂದರೆ ಸುಮ್ನೆ ಬಂದು ತಲೆ ಅಲ್ಲಾಡಿಸಿ ಹೋಗುತ್ತಾರೆ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನನ್ನ ತಮ್ಮನ ಕೇಸಿನಲ್ಲಿ ಹಾಗಾಗಲಿಲ್ಲ.

ಗೂಡ್ಸ್ ಆಟೋ ನಿಲ್ಲಿಸುವ ಜಾಗಕ್ಕೆ ಹೊಡೆದಾಟ ಆಗಿತ್ತು. ಮಾರನೇ ಬೆಳಿಗ್ಗೆ ಟೀ ಅಂಗಡಿಯಿಂದಲೇ ಪೊಲೀಸರು ಕರೆದುಕೊಂಡು ಹೋದರು. ಕೇಳಿದರೆ 'ಬರೀ ವಿಚಾರಣೆ ಕಣಮ್ಮ, ಸಂಜೆ ಬಿಡ್ತೀವಿ' ಅಂದರು. ಬಿಡಲಿಲ್ಲ. ಪಕ್ಕದ ಮನೆಯ ಕಾಲೇಜು ಹುಡುಗಿ 15100 ನಂಬರ್ ಕೊಟ್ಟಳು. ಕಾನೂನು ಸೇವಾ ಪ್ರಾಧಿಕಾರದ್ದು. ಬಂಧನದಲ್ಲಿ ಇರುವವರಿಗೆ ಸಂಬಳ ಎಷ್ಟು, ಜಮೀನು ಎಷ್ಟು ಅಂತ ನೋಡದೆ ವಕೀಲರನ್ನು ಕೊಡಬೇಕು, 1987ರ ಕಾಯ್ದೆಯಲ್ಲೇ ಇದೆ. ಹೆಂಗಸರಿಗೂ ಅಷ್ಟೇ.

ಬಂದವರು ಚಿಕ್ಕ ವಯಸ್ಸಿನ ಲಾಯರ್ ಮೇಡಂ. ಹೊಡೆದಾಟದ ಕಥೆ ಆಮೇಲೆ ಕೇಳಿದರು. ಮೊದಲು ಕೇಳಿದ್ದು, 'ಅಕ್ಕಾ, ಎಷ್ಟೊತ್ತಿಗೆ ಕರ್ಕೊಂಡು ಹೋದ್ರು? ನೋಡಿದವರು ಯಾರು?' ಪೊಲೀಸರು ಬರೆದ ಬಂಧನದ ಹಾಳೆ, ಅಂದರೆ ಅರೆಸ್ಟ್ ಮೆಮೊದಲ್ಲಿ ರಾತ್ರಿ 9 ಗಂಟೆ ಅಂತ ಬರೆದಿತ್ತು. ಟೀ ಅಂಗಡಿಯ ಕ್ಯಾಮೆರಾದಲ್ಲಿ ಬೆಳಿಗ್ಗೆ 8! ಸಂವಿಧಾನದ 22ನೇ ವಿಧಿ ಪ್ರಕಾರ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು, ಪ್ರಯಾಣದ ಹೊತ್ತು ಮಾತ್ರ ಲೆಕ್ಕಕ್ಕಿಲ್ಲ. ತಮ್ಮನನ್ನು ತಂದಿದ್ದು ಮಾರನೇ ದಿನ ಮಧ್ಯಾಹ್ನ 3ಕ್ಕೆ. ಸ್ಟೇಷನ್ನಿನಿಂದ ಕೋರ್ಟಿಗೆ ನಡೆದೇ ಬರಬಹುದು.

ಯಾಕೆ ಹಿಡಿದರು ಅಂತ ಕೊಟ್ಟ ಹಾಳೆಯಲ್ಲಿ ಬರೀ ಸೆಕ್ಷನ್ ನಂಬರುಗಳು. ಕಾರಣವನ್ನು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು, ರಿಮಾಂಡ್‌ಗೆ (ಅಂದರೆ ಕಸ್ಟಡಿ ಕೇಳಲು ಮ್ಯಾಜಿಸ್ಟ್ರೇಟ್ ಮುಂದೆ) ತರುವ ಕನಿಷ್ಠ 2 ಗಂಟೆ ಮೊದಲೇ ಕೊಡಬೇಕು ಅಂತ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೇಡಂ ಆ ಹಾಳೆಯನ್ನೇ ಮೇಲೆತ್ತಿ ತೋರಿಸಿದರು. ಏಳು ವರ್ಷದೊಳಗಿನ ಶಿಕ್ಷೆಯ ಕೇಸು, ನೋಟಿಸ್ ಕೊಟ್ಟು ಕರೆಯದೆ ಹಿಡಿದಿದ್ದು ಯಾಕೆ ಅಂತಲೂ ಕೇಳಿದರು. ಇಂಥ ಕೇಸಿನಲ್ಲಿ ಸುಮ್ಸುಮ್ನೆ ಹಿಡಿಯುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ 2014ರ ಅರ್ನೇಶ್ ಕುಮಾರ್ ತೀರ್ಪನ್ನು ತೋರಿಸಿದರು. ಪೊಲೀಸರು ಕಸ್ಟಡಿ ಕೇಳಿದ್ದರು, ಸಿಗಲಿಲ್ಲ. ಅವತ್ತೇ ಜಾಮೀನಾಯಿತು.

'ಒಪ್ಕೊಂಡುಬಿಡು, ಬೇಗ ಬಿಡ್ತೀವಿ' ಅಂತ ಸ್ಟೇಷನ್ನಿನಲ್ಲಿ ತಮ್ಮನಿಗೆ ಹೇಳಿದ್ದರಂತೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳು ಅಂತ ಯಾರೂ ಬಲವಂತ ಮಾಡುವ ಹಾಗಿಲ್ಲ ಅಂತ ಮೇಡಂ ಕಾರಿಡಾರಿನಲ್ಲೇ ನಿಂತು ಅವನಿಗೆ ಬಿಡಿಸಿ ಹೇಳಿದರು. ದುಡ್ಡು ಕೊಟ್ಟ ಲಾಯರೂ ಇಷ್ಟು ಹೊತ್ತು ಮಾತಾಡುವುದಿಲ್ಲ, ಅಲ್ವಾ?

ಒಂದು ಸ್ಟಾರ್ ಯಾಕೆ ಕಟ್ ಅಂದರೆ, ಶ್ಯೂರಿಟಿ ಹುಡುಕುವ ಪಾಡು ನಮ್ಮದೇ. ಪಹಣಿ ಇರುವವರನ್ನು ಕಾಡಿ ಬೇಡಿ ಕರೆತರುವಷ್ಟರಲ್ಲಿ ಕೋರ್ಟ್ ಬಾಗಿಲು ಹಾಕುವ ಹೊತ್ತಾಗಿತ್ತು. ಫ್ರೀ ಲಾಯರ್ ಕೊಡುವ ತಾಲ್ಲೂಕು ಕಾನೂನು ಸೇವಾ ಸಮಿತಿಯ ಆಫೀಸಿನಲ್ಲಿ ಊಟದ ಹೊತ್ತಿಗೆ ಒಬ್ಬರೂ ಇರಲಿಲ್ಲ.

ನಿಮ್ಮವರನ್ನು ಯಾರಾದರೂ ಕರೆದುಕೊಂಡು ಹೋದರೆ ಮೊದಲು ಟೈಮ್ ಬರೆದಿಟ್ಟುಕೊಳ್ಳಿ, ಆಮೇಲೆ ಫೋನ್ ಮಾಡಿ. ಅಂಗಡಿಯವರ ಕ್ಯಾಮೆರಾ ರೆಕಾರ್ಡಿಂಗ್ ಅಳಿಸಿಹೋಗುವ ಮೊದಲೇ ಕೇಳಿ ಇಸ್ಕೊಳ್ಳಿ.