ನನ್ನ ಸೆಷನ್ ಕೇಳದೆಯೇ ‘ಚೆನ್ನಾಗಿದೆ’ ಎಂದ ಸೂಪರ್‌ವೈಸರ್

ಆಪ್ತಸಮಾಲೋಚನೆಯ ತರಬೇತಿಗೆ ಸೇರುತ್ತಿರುವವರು ದಯವಿಟ್ಟು ಇದನ್ನು ಓದಿ. ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ನನ್ನ ಸೂಪರ್‌ವೈಸರ್, ಅಂದರೆ ತರಬೇತಿಯಲ್ಲಿರುವ ನನ್ನ ಕೆಲಸವನ್ನು ಗಮನಿಸಿ ತಿದ್ದಬೇಕಾದ ಅನುಭವಿ, ಎಂಟು ತಿಂಗಳ ಕಾಲ ಕ್ಲೈಂಟ್‌ಗಳೊಂದಿಗಿನ ನನ್ನ ಸೆಷನ್‌ಗಳ ಧ್ವನಿಮುದ್ರಣಗಳನ್ನು ತರಿಸಿಕೊಂಡರು, ಪ್ರತಿ ವಾರವೂ “ಚೆನ್ನಾಗಿದೆ, ಹೀಗೆಯೇ ಮುಂದುವರಿಸಿ” ಎಂದರು, ತರಬೇತಿ ಗಂಟೆಗಳ ಲೆಕ್ಕಕ್ಕೆ ಸಹಿ ಹಾಕಿದರು. ನಾನು ನಂಬಿದೆ. ಸಾಮರ್ಥ್ಯದ ಬಗೆಗಿನ ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕೆ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿ ನಾಲ್ಕು ಮೂಲಗಳನ್ನು ಹೇಳಿದ್ದರು. ಸ್ವತಃ ಮಾಡಿ ಗೆದ್ದ ಅನುಭವ ಎಲ್ಲಕ್ಕಿಂತ ಬಲವಾದದ್ದು, ಇತರರ ಹುರಿದುಂಬಿಸುವ ಮಾತು ಅದಕ್ಕಿಂತ ದುರ್ಬಲ ಎಂಬುದನ್ನು ಪರೀಕ್ಷೆಗಾಗಿ ಓದಿಕೊಂಡಿದ್ದರೂ, ನನ್ನ ಧೈರ್ಯವೆಲ್ಲ ಆ ಒಂದು ‘ಚೆನ್ನಾಗಿದೆ’ಯ ಮೇಲೇ ನಿಂತಿದೆ ಎಂಬುದು ನನಗೆ ಹೊಳೆಯಲಿಲ್ಲ.

ಒಂದು ವಾರ ಮೈಕ್ ಆನ್ ಆಗಿರಲಿಲ್ಲ. 50 ನಿಮಿಷವೂ ಬರೀ ನಿಶ್ಶಬ್ದ. ಗಮನಿಸದೆ ಕಳುಹಿಸಿಬಿಟ್ಟಿದ್ದೆ. ಮರುದಿನ ಉತ್ತರ ಬಂತು: “ಪೂರ್ತಿ ಕೇಳಿದೆ. ಕ್ಲೈಂಟ್ ಅತ್ತಾಗ ನೀವು ನಿಭಾಯಿಸಿದ ರೀತಿ ತುಂಬಾ ಹಿಡಿಸಿತು.” ಅಳುವಿನ ವಿಷಯ ನಾನೇ ಜೊತೆಗಿಟ್ಟ ಟಿಪ್ಪಣಿಯಲ್ಲಿತ್ತು. ನಿಜಕ್ಕೂ ಆ ಹೊತ್ತಿನಲ್ಲಿ ನಾನು ಗಾಬರಿಯಾಗಿ, ಎರಡು ಸಮಾಧಾನದ ಮಾತು ಹೇಳಿ, ವಿಷಯವನ್ನೇ ಬದಲಿಸಿದ್ದೆ. ಯಾರಾದರೂ ತಿದ್ದಬೇಕಾಗಿದ್ದದ್ದು ಅದನ್ನೇ. ಪೂರ್ತಿ ಕೇಳಿದೆ! ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

“ಮೇಡಂ, ಅದರಲ್ಲಿ ಧ್ವನಿಯೇ ಇಲ್ಲವಲ್ಲ” ಎಂದೆ. “ನಿಮ್ಮ ಟಿಪ್ಪಣಿ ಸಾಕಷ್ಟು ವಿವರವಾಗಿತ್ತು” ಎಂದರು. ಹಿಂದಿನವುಗಳನ್ನಾದರೂ ಕೇಳಿದ್ದೀರಾ ಎಂದಿದ್ದಕ್ಕೆ, “ನಿಮಗೆ ಆತ್ಮವಿಶ್ವಾಸ ಕಡಿಮೆ, ಅದಕ್ಕೇ ಹೀಗೆ ಪ್ರಶ್ನಿಸುತ್ತೀರಿ” ಎಂಬ ಉತ್ತರ ಬಂತು. ನನ್ನ ಆತ್ಮವಿಶ್ವಾಸವನ್ನು ಪೊಳ್ಳಾಗಿ ಬೆಳೆಸಿದವರೇ ಅದರ ಕೊರತೆಯನ್ನು ನನ್ನ ತಲೆಗೆ ಕಟ್ಟಿದರು. ತರಬೇತಿ ಸಂಸ್ಥೆಯವರದ್ದು ಇನ್ನೂ ಚಿಕ್ಕ ಉತ್ತರ: “ಗಂಟೆಗಳು ಭರ್ತಿಯಾಗಿವೆ, ಸಹಿ ಇದೆ.”

ಅನುಭವಿಗಳೊಬ್ಬರು ಕೇಳಿ ನನ್ನನ್ನು ತಿದ್ದುತ್ತಾರೆ ಎಂದು ಹೇಳಿಯೇ ನಾನು ಕ್ಲೈಂಟ್‌ಗಳಿಂದ ಧ್ವನಿಮುದ್ರಣಕ್ಕೆ ಒಪ್ಪಿಗೆ ಪಡೆದಿದ್ದೆ. ಈಗ ಅವರೆದುರು ಕುಳಿತರೆ, ಹಿಂದೆ ಆಡಿದ ಯಾವ ಮಾತು ಅವರಿಗೆ ನೋವು ಕೊಟ್ಟಿತೋ ಎಂಬ ಭಯದಲ್ಲಿ ಬಾಯಿಗೆ ಬಂದ ಪ್ರಶ್ನೆಯೂ ಅಲ್ಲೇ ನಿಂತುಬಿಡುತ್ತದೆ.

ಹೊಗಳಿದಾಗ ಹಿಗ್ಗಬೇಡಿ. ಎಷ್ಟನೆಯ ನಿಮಿಷದ, ಯಾವ ಮಾತು ಚೆನ್ನಾಗಿತ್ತು ಎಂದು ಮೊದಲ ತಿಂಗಳಲ್ಲೇ ಕೇಳಿ. ಹೇಳಲಾಗದಿದ್ದರೆ ಬೇರೆ ಸೂಪರ್‌ವೈಸರ್ ಬೇಕೆಂದು ಲಿಖಿತವಾಗಿ ಕೊಡಿ. ನಾನು ಕೊಟ್ಟದ್ದು ಎಂಟನೆಯ ತಿಂಗಳಲ್ಲಿ, ಆ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ.